ಕುಲುಮೆಯ ಮ್ಯಾಗಜೀನು ಮತ್ತು ಅಟ್ಟದ ಕೋವಿ

ಮೈಲುತುತ್ತ ಒಯ್ಯಲು, ಅಡಿಕೆ ತೂಕ ಹಾಕಿಸಲು, ಸಾಲದ ಕಂತು ಕಟ್ಟಲು ಸಂಘದ ಕಚೇರಿಗೆ ಬರುವ ಸದಸ್ಯರು ಕೆಲಸ ಮುಗಿದ ಮೇಲೆ ಮೆಟ್ಟಿಲ ಮೇಲೆ ನಿಂತು ಸಣ್ಣ ದನಿಯಲ್ಲಿ ಕೇಳುವ ಪ್ರಶ್ನೆಗಳು ಕೆಲವಿವೆ. ಈಚೆಗೆ ಅವುಗಳಲ್ಲಿ ಒಂದು ಪದೇ ಪದೇ ಬರುತ್ತಿದೆ. 'ನಮ್ಮ ತಂದೆಯವರ ಕಾಲದ ಪಾಯಿಂಟ್ ಟೂಟೂ ರೈಫಲು ಲೈಸೆನ್ಸಿನಲ್ಲಿಯೇ ಇದೆ. ಮ್ಯಾಗಜೀನು ಮಾತ್ರ ಕಳೆದುಹೋಗಿದೆ. ಪೇಟೆಯ ಲೇತಿನವನು ಒಂದು ದಿನದಲ್ಲಿ ಮಾಡಿಕೊಡುತ್ತೇನೆ ಅನ್ನುತ್ತಾನೆ. ಮಾಡಿಸಬಹುದೇ?'

ಕೂಡದು ಎಂಬುದು ನಮ್ಮ ಉತ್ತರ. ಆದರೆ ಕೂಡದು ಎಂದಷ್ಟೇ ಹೇಳಿ ಕಳಿಸಿದರೆ ಕೇಳಿದವರು ನೇರವಾಗಿ ಲೇತಿನ ಅಂಗಡಿಗೆ ಹೋಗುತ್ತಾರೆಂಬುದನ್ನೂ ನಾವು ಬಲ್ಲೆವು. ಏಕೆ ಕೂಡದು, ಮಾಡಿಸಿದರೂ ಅದು ಏಕೆ ಕೆಲಸಕ್ಕೆ ಬಾರದು, ಮತ್ತು ಈ ಪ್ರಶ್ನೆಯ ಬೆನ್ನಿಗೇ ಇರುವ ಇನ್ನೂ ದೊಡ್ಡ ವಿಚಾರವಾದ ಅಟ್ಟದ ಮೇಲಿನ ಕೋವಿಯ ಗತಿ ಏನು ಎಂಬುದನ್ನು ಸದಸ್ಯರ ಮುಂದೆ ಸ್ವಲ್ಪ ವಿಸ್ತಾರವಾಗಿಯೇ ಇಡಬೇಕೆಂದು ತೋರಿತು.

ನಮ್ಮ ಮಲೆನಾಡಿನ ಮನೆಗಳಲ್ಲಿ ಹೆಚ್ಚಾಗಿ ಇರುವುದು ಕೇಪಿನ ಕೋವಿ, ಇಲ್ಲವೇ ಒಂಟಿನಳಿಗೆ, ಜೋಡುನಳಿಗೆಯ ತೋಟಾ ಕೋವಿ. ಇವುಗಳಿಗೆ ಮ್ಯಾಗಜೀನಿನ ಗೊಡವೆಯೇ ಇಲ್ಲ. (ತೋಟಕ್ಕೂ ತೋಟಾಕ್ಕೂ ಒಂದು ದೀರ್ಘದ ಅಂತರ ಮಾತ್ರ, ಆದರೆ ಮೊದಲನೆಯದನ್ನು ಕಾಯಲು ಎರಡನೆಯದನ್ನು ನಂಬಿದವರ ಕಷ್ಟ ನಮಗೆ ಗೊತ್ತು.) ರೈಫಲು ಇಟ್ಟವರು ಕಡಿಮೆ. ಪಾಯಿಂಟ್ ಟೂಟೂ, ಸರ್ಕಾರಿ ಕಾರ್ಖಾನೆಯ 315 ಬೋರಿನದು, ಹಳೆಯ ದೊಡ್ಡ ಎಸ್ಟೇಟುಗಳಿಂದ ಕೈಬದಲಾಗಿ ಬಂದ ವಿಲಾಯತಿ ರೈಫಲುಗಳು, ಇಷ್ಟೇ. ಇವುಗಳಲ್ಲಿ ಕೆಲವಕ್ಕೆ ತೋಟಾಗಳನ್ನು ಒಂದರ ಮೇಲೊಂದು ಪೇರಿಸಿಡುವ, ತೆಗೆದು ಹಾಕಬಹುದಾದ ಚಿಕ್ಕ ತಗಡಿನ ಪೆಟ್ಟಿಗೆ ಇರುತ್ತದೆ. ನೋಡಲು ಅಗ್ಗದ ವಸ್ತು. ಒಂದು ತಗಡು, ಒಂದು ಸ್ಪ್ರಿಂಗು, ಒಂದು ಪಟ್ಟಿ. 'ಇದರಲ್ಲೇನು ಮಹಾ ಬ್ರಹ್ಮವಿದ್ಯೆ?' ಎಂದು ಅನ್ನಿಸುವುದು ಸಹಜವೇ.

ಕಾಯಿದೆಯ ಕಣ್ಣಿಗೆ ಮಾತ್ರ ಇದು ತಗಡಿನ ಪೆಟ್ಟಿಗೆಯಲ್ಲ. 1959ರ ಆಯುಧ ಕಾಯಿದೆಯ 2ನೆಯ ಕಲಮಿನಲ್ಲಿ 'ಬಂದೂಕು' ಎಂಬ ಶಬ್ದಕ್ಕೆ ಕೊಟ್ಟಿರುವ ಅರ್ಥದೊಳಗೆ ಬಂದೂಕಿನ ಭಾಗಗಳೂ, ಬಂದೂಕು ತಯಾರಿಸುವ ಯಂತ್ರಗಳೂ ಸೇರಿವೆ. ಹಾಗಾಗಿ ಭಾಗವನ್ನು ಮಾಡುವವನು ಕಾಯಿದೆಯ ಲೆಕ್ಕದಲ್ಲಿ ಬಂದೂಕನ್ನೇ ಮಾಡಿದವನು. ಅದೇ ಕಾಯಿದೆಯ 5ನೆಯ ಕಲಮಿನ ಪ್ರಕಾರ ತಯಾರಿಕೆಗೆ, ಮಾರಾಟಕ್ಕೆ, ಮಾರ್ಪಾಡಿಗೆ, ಅಷ್ಟೇ ಏಕೆ ರಿಪೇರಿಗೆ ಕೂಡ ಬೇರೆಯೇ ಲೈಸೆನ್ಸು ಬೇಕು. ನಮ್ಮ ನಿಮ್ಮ ಬಳಿ ಇರುವುದು 3ನೆಯ ಕಲಮಿನ ಲೈಸೆನ್ಸು. ಅದು ಇಟ್ಟುಕೊಳ್ಳುವುದಕ್ಕೆ ಮಾತ್ರ. ಕಾರು ಇಟ್ಟುಕೊಳ್ಳುವವನಿಗೆ ಕಾರಿನ ಕಾರ್ಖಾನೆ ತೆರೆಯುವ ಪರವಾನಗಿ ಇರುವುದಿಲ್ಲವಷ್ಟೇ.

ಶಿಕ್ಷೆಯ ವಿಚಾರವನ್ನು ಸದಸ್ಯರು ಸರಿಯಾಗಿ ಮನಸ್ಸಿಗೆ ತಂದುಕೊಳ್ಳಬೇಕು, ಏಕೆಂದರೆ ಹಿರಿಯರು ಹೇಳುವ ಹಳೆಯ ಲೆಕ್ಕ ಈಗಿಲ್ಲ. 2019ರ ತಿದ್ದುಪಡಿಯಾದ ಮೇಲೆ ಲೈಸೆನ್ಸಿಲ್ಲದೆ ತಯಾರಿಸಿದವನಿಗೆ, ರಿಪೇರಿ ಮಾಡಿದವನಿಗೆ, ಮಾರಿದವನಿಗೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ. ಮೇಲೆ ದಂಡ ಬೇರೆ. ಅದೇ ತಿದ್ದುಪಡಿ 'ಪಡೆಯುವುದು' ಎಂಬುದನ್ನೂ ಈ ಸಾಲಿಗೆ ಸೇರಿಸಿತು. ಆದ್ದರಿಂದ ಮಾಡಿಸಿಕೊಂಡವನು ಹೊರಗೆ ನಿಂತು ನೋಡುವಂತಿಲ್ಲ. ಲೈಸೆನ್ಸಿಲ್ಲದೆ ಮಾಮೂಲಿ ಕೋವಿ ಇಟ್ಟುಕೊಂಡವನಿಗೆ ಮೊದಲು 1ರಿಂದ 3 ವರ್ಷ ಇದ್ದದ್ದು ಈಗ 2ರಿಂದ 5 ವರ್ಷವಾಗಿದೆ. ನೂರು ಇನ್ನೂರು ರೂಪಾಯಿ ಮಜೂರಿಗೆ ಆಸೆಪಟ್ಟು ಲೇತಿನ ಹುಡುಗ ಏಳು ವರ್ಷದ ಅಪಾಯವನ್ನು ತಲೆಯ ಮೇಲೆ ಹಾಕಿಕೊಳ್ಳುತ್ತಿದ್ದಾನೆಂಬುದು ಅವನಿಗೂ ಗೊತ್ತಿರುವುದಿಲ್ಲ, ಕೆಲಸ ಹೇಳಿದ ನಮ್ಮ ಸದಸ್ಯರಿಗೂ ಗೊತ್ತಿರುವುದಿಲ್ಲ. ನಮ್ಮ ಮನಸ್ಸಿಗೆ ಹೆಚ್ಚು ನೋವಾಗುವುದು ಇದೇ. ಗೇಟಿನ ಕೊಂಡಿ, ಔಷಧಿ ಪಂಪಿನ ವಾಷರು, ದೋಟಿಯ ಕತ್ತಿ ಮಾಡಿಕೊಟ್ಟು ಬದುಕುವ ಮನುಷ್ಯನನ್ನು ನಮ್ಮ ಅನುಕೂಲಕ್ಕಾಗಿ ಜೈಲಿನ ಬಾಗಿಲಿಗೆ ಕರೆದೊಯ್ಯುವ ಹಕ್ಕು ನಮಗಿಲ್ಲ.

ಓದಿಕೊಂಡ ಸದಸ್ಯರೊಬ್ಬರು ಕಾಯಿದೆಯ ಪುಸ್ತಕವನ್ನೇ ಹಿಡಿದುಕೊಂಡು ಬಂದು, 45ನೆಯ ಕಲಮಿನಲ್ಲಿ 'ಸಣ್ಣಪುಟ್ಟ ಭಾಗಗಳಿಗೆ' ರಿಯಾಯಿತಿ ಇದೆಯಲ್ಲ ಎಂದು ವಾದಿಸಿದರು. ಇದೆ. ಆದರೆ ವಾಕ್ಯವನ್ನು ಪೂರ್ತಿ ಓದಬೇಕು. ರಿಯಾಯಿತಿ ಇರುವುದು ಅಂಥ ಭಾಗಗಳನ್ನು ಪಡೆಯಲು, ಇಟ್ಟುಕೊಳ್ಳಲು, ಒಯ್ಯಲು. ಅದೂ ಆ ಭಾಗವನ್ನು ಅದಕ್ಕೆ ಹೊಂದುವ ಮಿಕ್ಕ ಭಾಗಗಳ ಜೊತೆ ಬಳಸುವ ಉದ್ದೇಶ ಇಲ್ಲದಿದ್ದಾಗ ಮಾತ್ರ. ರೈಫಲು ಮನೆಯಲ್ಲಿದೆ, ಅದಕ್ಕೆ ಹಾಕುವುದಕ್ಕೆಂದೇ ಮ್ಯಾಗಜೀನು ಮಾಡಿಸುತ್ತಿದ್ದೇವೆ ಎಂದ ಮೇಲೆ ಈ ಕಲಮು ನಮ್ಮ ನೆರವಿಗೆ ಬರುವುದೆಲ್ಲಿಂದ?

ಇನ್ನು ಕೆಲಸದ ಮಾತು. ಕಾಯಿದೆಯನ್ನು ಬದಿಗಿಟ್ಟರೂ ಕುಲುಮೆಯ ಮ್ಯಾಗಜೀನು ಕೆಲಸ ಮಾಡುವುದಿಲ್ಲ, ಅಥವಾ ಮಾಡಬಾರದ ಹೊತ್ತಿನಲ್ಲಿ ಮಾಡುತ್ತದೆ. ತೋಟಾವನ್ನು ಹಿಡಿದಿಡುವ ಮೇಲಂಚಿನ ಎರಡು ತುಟಿಗಳು ಕೂದಲೆಳೆಯಷ್ಟು ಅಗಲವಾದರೆ ತೋಟಾ ಎಗರಿ ಹೊರಬರುತ್ತದೆ. ಅಷ್ಟೇ ಕಿರಿದಾದರೆ ಮುಂದಕ್ಕೆ ಹೋಗುವುದಿಲ್ಲ. ಸ್ಪ್ರಿಂಗಿನ ಬಿಗಿ ಮೊದಲ ತೋಟಾಕ್ಕೂ ಕೊನೆಯ ತೋಟಾಕ್ಕೂ ಸರಿಯಾಗಿ ಒದಗಬೇಕು. ಟಾರ್ಚಿನಿಂದ ಕಿತ್ತ ಸ್ಪ್ರಿಂಗಿಗೆ ಆ ಗುಣ ಇರುವುದಿಲ್ಲ. ಪಾಯಿಂಟ್ ಟೂಟೂ ತೋಟಾದ ಸ್ವಭಾವ ಇನ್ನೂ ನಾಜೂಕು. ಅದರ ಹೊತ್ತಿಸುವ ಮದ್ದು ಹಿಂಬದಿಯ ಅಂಚಿನ ಸುತ್ತಲೂ ಇರುತ್ತದೆ, ನಡುವಿನ ಕೇಪಿನಲ್ಲಲ್ಲ. ತೋಟಾ ಓರೆಯಾಗಿ ಸಿಕ್ಕಿಕೊಂಡಾಗ ಬೋಲ್ಟನ್ನು ಬಲವಾಗಿ ನೂಕಿದರೆ, ಆ ಅಂಚು ಜಜ್ಜಿ, ನಳಿಗೆಯ ಬಾಗಿಲು ಮುಚ್ಚುವ ಮೊದಲೇ ಹೊತ್ತಿಕೊಳ್ಳುವ ಸಂಭವವುಂಟು. ಹಿತ್ತಾಳೆಯ ಚೂರು ಆಗ ಹಾರುವುದು ಹಂದಿಯ ಕಡೆಗಲ್ಲ, ಹಿಡಿದವನ ಕಣ್ಣಿನ ಕಡೆಗೆ. ರಾತ್ರಿ ಹೊತ್ತು, ತಲೆಗೆ ಕಟ್ಟಿದ ಟಾರ್ಚಿನ ಬೆಳಕಿನಲ್ಲಿ, ಇಬ್ಬನಿಗೆ ನೆನೆದ ಕೈಯಲ್ಲಿ, ಸಿಕ್ಕಿಕೊಂಡ ತೋಟಾವನ್ನು ಚಾಕುವಿನ ಮೊನೆಯಿಂದ ಕೀಳಲು ಹೋಗುವವರನ್ನು ನಾವು ಕಂಡಿದ್ದೇವೆ. ಅವರ ಧೈರ್ಯಕ್ಕೆ ಮೆಚ್ಚಬೇಕೋ, ಅವರ ಮನೆಯವರಿಗಾಗಿ ಮರುಗಬೇಕೋ ತಿಳಿಯದು.

ಅಷ್ಟಕ್ಕೂ ಇದು ನಿಜವಾಗಿ ಬೇಕೇ? ಬೋಲ್ಟಿನ ಪಾಯಿಂಟ್ ಟೂಟೂಗಳಲ್ಲಿ ಹೆಚ್ಚಿನವನ್ನು ಮ್ಯಾಗಜೀನು ಇಲ್ಲದೆಯೂ ಕೈಯಿಂದ ಒಂದೊಂದೇ ತೋಟಾ ಹಾಕಿ ಬಳಸಬಹುದು. ಬೆಳೆ ಕಾಯುವವನಿಗೆ ಒಂದು ಈಡಿನ ಮೇಲೆ ಇನ್ನೊಂದು ಈಡು ತಕ್ಷಣ ಬೇಕಾಗುವ ಪ್ರಸಂಗ ಅಪರೂಪ. ಮೊದಲನೆಯ ಸದ್ದಿಗೇ ಹಂದಿಯ ಹಿಂಡು ಹಳ್ಳ ದಾಟಿರುತ್ತದೆ. ಬೇಕೇ ಬೇಕೆನ್ನುವವರು ಲೈಸೆನ್ಸಿರುವ ಬಂದೂಕು ವ್ಯಾಪಾರಿಯಲ್ಲಿ, ರಿಪೇರಿಯ ಲೈಸೆನ್ಸು ಇರುವವರಲ್ಲಿ ವಿಚಾರಿಸಬೇಕು. ರೈಫಲಿನ ಹೆಸರು, ಮಾದರಿ, ನಂಬರು ಬರೆದು ಕೊಟ್ಟು, ಬಿಲ್ಲು ಪಡೆದು, ಆ ಬಿಲ್ಲನ್ನು ಲೈಸೆನ್ಸಿನ ಜೊತೆ ಇಡಬೇಕು. ಹಳೆಯ ವಿಲಾಯತಿ ರೈಫಲಿಗೆ ಮ್ಯಾಗಜೀನು ಸಿಗುವುದು ತಡವಾಗುತ್ತದೆ, ಕೆಲವೊಮ್ಮೆ ಸಿಗುವುದೇ ಇಲ್ಲ. ಸಿಗದಿದ್ದರೆ ಒಂದೊಂದೇ ತೋಟಾ. ಕೋವಿಯನ್ನು ರಿಪೇರಿಗೆ ಕಳಿಸಲು ತಾವೇ ಹೋಗಲಾಗದ ವೃದ್ಧ ಸದಸ್ಯರಿಗೆ ಒಂದು ಅನುಕೂಲವನ್ನು 3ನೆಯ ಕಲಮೇ ಕೊಟ್ಟಿದೆ: ಲೈಸೆನ್ಸುದಾರರ ಲಿಖಿತ ಅನುಮತಿಯಿದ್ದರೆ ಬೇರೊಬ್ಬರು ಕೋವಿಯನ್ನು ರಿಪೇರಿಗೋ ಲೈಸೆನ್ಸಿನ ನವೀಕರಣಕ್ಕೋ ಒಯ್ಯಬಹುದು. ಬಾಯಿಮಾತು ಸಾಲದು, ಕಾಗದ ಜೇಬಿನಲ್ಲಿರಬೇಕು. ಹಾಗೆಂದು ತೋಟದ ಆಳಿನ ಕೈಗೆ ರಾತ್ರಿ ಕಾಯಲು ಕೋವಿ ಕೊಟ್ಟು ಕಳಿಸುವಂತಿಲ್ಲ. ಅದು ಬೇರೆಯೇ ಅಪರಾಧ, ಕೊಟ್ಟವನಿಗೂ ಶಿಕ್ಷೆ.

ಬೆಂಗಳೂರಿನಲ್ಲಿ ಓದುವ ಮಕ್ಕಳು ರಜೆಗೆ ಬಂದಾಗ ಈಗ ಇನ್ನೊಂದು ಮಾತು ಆಡುತ್ತಾರೆ. ಕಂಪ್ಯೂಟರಿಗೆ ಜೋಡಿಸಿದ ಮುದ್ರಣ ಯಂತ್ರದಲ್ಲಿ ಪ್ಲಾಸ್ಟಿಕ್ಕಿನ ಮ್ಯಾಗಜೀನನ್ನೇ ಮುದ್ರಿಸಬಹುದಂತೆ. ಇರಬಹುದು. ಕಾಯಿದೆ ಯಾವ ವಸ್ತುವಿನಿಂದ ಮಾಡಿದಿರಿ ಎಂದು ಕೇಳುವುದಿಲ್ಲ, ಲೈಸೆನ್ಸು ಎಲ್ಲಿ ಎಂದು ಕೇಳುತ್ತದೆ.

ಈಗ ದೊಡ್ಡ ವಿಚಾರಕ್ಕೆ ಬರೋಣ. ಮ್ಯಾಗಜೀನು ಕಳೆದುಕೊಂಡವರು ಹತ್ತಾರು ಮಂದಿ ಇರಬಹುದು. ಆದರೆ ಕುಲುಮೆಯಲ್ಲಿ ಹುಟ್ಟಿದ ಕೋವಿಯನ್ನೋ, ತೀರಿಹೋದ ತಂದೆಯ ಹೆಸರಿನಲ್ಲಿದ್ದ ಕೋವಿಯನ್ನೋ ಅಟ್ಟದಲ್ಲಿ, ಹುಲ್ಲಿನ ಬಣವೆಯಲ್ಲಿ, ಅಡಿಕೆ ಮೂಟೆಯ ಹಿಂದೆ ಇಟ್ಟುಕೊಂಡವರು ಮಲೆನಾಡಿನ ಪ್ರತಿ ಊರಿನಲ್ಲೂ ಇದ್ದಾರೆಂದು ಎಲ್ಲರಿಗೂ ಗೊತ್ತು. ಎಲ್ಲರಿಗೂ ಗೊತ್ತಿರುವುದನ್ನು ಯಾರೂ ಬರೆಯುವುದಿಲ್ಲ, ಅಷ್ಟೆ.

ಕುಲುಮೆಯ ಕೋವಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾರ್ಖಾನೆಯಲ್ಲಿ ತಯಾರಾದ ನಳಿಗೆಯನ್ನು ಮಾರುವ ಮೊದಲು ಹೆಚ್ಚಿನ ಮದ್ದಿನಿಂದ ಪರೀಕ್ಷೆ ಮಾಡಿ ಮುದ್ರೆ ಒತ್ತಿರುತ್ತಾರೆ. ನೀರಿನ ಕೊಳವೆಗೆ ಅಂಥ ಪರೀಕ್ಷೆ ಮಾಡುವವನು ಅದನ್ನು ಮೊದಲ ಸಲ ಭುಜಕ್ಕೆ ಕೊಟ್ಟವನೇ. ಎಡಗೈಯ ಬೆರಳು ಹೋದವರು ನಮ್ಮ ನಡುವೆಯೇ ಇದ್ದಾರೆ; ಕೇಳಿದರೆ ಮರ ಕೊಯ್ಯುವಾಗ ಹೋಯಿತೆನ್ನುತ್ತಾರೆ. ತಯಾರಕನ ಹೆಸರು, ನಂಬರು ಇಲ್ಲದ ಕೋವಿಗೆ ಲೈಸೆನ್ಸು ಕೇಳಲು ದಾರಿಯೂ ಇಲ್ಲ. ಎಂದಿಗೂ ಸಕ್ರಮವಾಗದ ವಸ್ತುವನ್ನು ಇಟ್ಟುಕೊಂಡು ಹೆದರುತ್ತ ಬದುಕುವುದರಲ್ಲಿ ಏನು ಲಾಭ?

ತಂದೆಯ ಕೋವಿಯ ಮಾತು ಹಾಗಲ್ಲ. ಇಲ್ಲಿ ತಪ್ಪು ಬಹುತೇಕ ಅರಿಯದೆ ಆಗುತ್ತದೆ. ಯಜಮಾನರು ತೀರಿಕೊಳ್ಳುತ್ತಾರೆ, ತಿಥಿ ಆಗುತ್ತದೆ, ಪಾಲುಪಟ್ಟಿಯ ಮಾತು ಶುರುವಾಗುತ್ತದೆ. ತೋಟ ಯಾರಿಗೆ, ಗದ್ದೆ ಯಾರಿಗೆ, ಕಣ ಯಾರಿಗೆ ಎಂದು ಪಂಚಾಯ್ತಿಕೆ ನಡೆಯುವಾಗ ಗೋಡೆಗೆ ಒರಗಿಸಿದ ಕೋವಿಯನ್ನು ಯಾರೂ ನೋಡುವುದಿಲ್ಲ. ಆದರೆ ಲೈಸೆನ್ಸು ಯಜಮಾನರೊಂದಿಗೇ ಹೋಯಿತು. ಆ ಕ್ಷಣದಿಂದ ಕೋವಿ ಮನೆಯಲ್ಲಿರುವುದು ಅಕ್ರಮ. ಕಾಯಿದೆಯ 21ನೆಯ ಕಲಮಿನ ಪ್ರಕಾರ ಅನಗತ್ಯ ತಡಮಾಡದೆ ಅದನ್ನು ಪೊಲೀಸು ಠಾಣೆಯಲ್ಲೋ ಲೈಸೆನ್ಸು ಪಡೆದ ವ್ಯಾಪಾರಿಯಲ್ಲೋ ಠೇವಣಿ ಇಟ್ಟು ರಶೀದಿ ಪಡೆಯಬೇಕು. ಆ ಬಳಿಕ ವಾರಸುದಾರರು ಅರ್ಜಿ ಹಾಕಬಹುದು. 2016ರ ಆಯುಧ ನಿಯಮಗಳ 25ನೆಯ ನಿಯಮ ಇದಕ್ಕೆ ದಾರಿ ಮಾಡಿದೆ. ಅಷ್ಟೇ ಅಲ್ಲ, ಲೈಸೆನ್ಸುದಾರರಿಗೆ 70 ವರ್ಷ ತುಂಬಿದರೆ, ಅಥವಾ ಆ ಕೋವಿಯನ್ನು 25 ವರ್ಷ ಇಟ್ಟುಕೊಂಡಿದ್ದರೆ, ಇವೆರಡರಲ್ಲಿ ಯಾವುದು ಮೊದಲೋ ಆಗ, ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಕೋರಿಕೆ ಸಲ್ಲಿಸಬಹುದು. ನಮ್ಮ ಸದಸ್ಯರಲ್ಲಿ ಎಪ್ಪತ್ತು ದಾಟಿದವರ ಸಂಖ್ಯೆ ಸಣ್ಣದಲ್ಲ. ತೋಟದ ಖಾತೆ ಬದಲಾಯಿಸಲು ಹೋದ ದಿನವೇ ಇದನ್ನೂ ವಿಚಾರಿಸಿ ಬರಬಾರದೇಕೆ?

'ಅದು ತುಕ್ಕು ಹಿಡಿದ ಕೋವಿ, ಕೆಲಸಕ್ಕೆ ಬಾರದು, ಅದಕ್ಕೇಕೆ ಲೈಸೆನ್ಸು?' ಎನ್ನುವವರಿದ್ದಾರೆ. ಹಳೆಯ ಕಾಲದ, ಕೆಟ್ಟುಹೋದ ಆಯುಧಕ್ಕೆ 45ನೆಯ ಕಲಮಿನಲ್ಲಿ ರಿಯಾಯಿತಿ ಇರುವುದು ನಿಜ. ಆದರೆ ರಿಪೇರಿ ಮಾಡಿದರೂ ಸರಿಯೇ ಮಾಡದಿದ್ದರೂ ಸರಿಯೇ ಅದು ಬಂದೂಕಾಗಿ ಬಳಕೆಗೆ ಬರುವಂತಿರಬಾರದು ಎಂಬುದು ಅಲ್ಲಿನ ಷರತ್ತು. ನಿಮ್ಮ ಅಜ್ಜನ ಕೇಪಿನ ಕೋವಿ ಒಂದು ಕುಪ್ಪಿ ಸೀಮೆಎಣ್ಣೆ, ಒಂದು ಹೊಸ ಕುದುರೆ ಹಾಕಿದರೆ ಸಿಡಿಯುವಂತಿದ್ದರೆ ಅದು ಕೋವಿಯೇ.

ಕೊಡಗಿನ ನೆರೆಹೊರೆಯವರನ್ನು ನೋಡಿ ನಮ್ಮಲ್ಲಿ ಕೆಲವರು ತಪ್ಪು ತಿಳಿದುಕೊಂಡಿರುವುದೂ ಉಂಟು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ, ಅಂದರೆ 2029ರ ಅಕ್ಟೋಬರಿನವರೆಗೆ, ಮುಂದುವರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ನಮ್ಮ ಹೈಕೋರ್ಟು 2021ರಲ್ಲಿ ತಳ್ಳಿಹಾಕಿ ವಿನಾಯಿತಿಯನ್ನು ಎತ್ತಿಹಿಡಿಯಿತು. ಕೈಲ್ ಪೊಳ್ದಿನಲ್ಲಿ ಕೋವಿಗೆ ಹೂ ಮುಡಿಸಿ ಪೂಜಿಸುವ ಜನಕ್ಕೆ ಅದು ನ್ಯಾಯವೇ ಎಂದು ನಮ್ಮ ಅಭಿಪ್ರಾಯ. ಆದರೆ ಆ ವಿನಾಯಿತಿ ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ. ಕುಲುಮೆಯಲ್ಲಿ ಕೋವಿಯನ್ನೋ ಮ್ಯಾಗಜೀನನ್ನೋ ತಯಾರಿಸುವುದಕ್ಕಲ್ಲ. ಅಲ್ಲಿಯವರಿಗೇ ಇಲ್ಲದ ಹಕ್ಕನ್ನು ಚಿಕ್ಕಮಗಳೂರು, ಹಾಸನ, ಶಿವಮೊಗ್ಗದವರು ಅವರ ಹೆಸರಿನಲ್ಲಿ ಕೇಳುವುದು ವಿಚಿತ್ರ.

ಇಷ್ಟೆಲ್ಲ ಬರೆದ ಮೇಲೆ ಸರ್ಕಾರದ ಪರವಾಗಿಯೇ ಕಾರ್ಯದರ್ಶಿಗಳು ಬರೆಯುತ್ತಿದ್ದಾರೆಂದು ಯಾರೂ ತಿಳಿಯಬಾರದು. ಬೆಳೆಗಾರ ಕುಲುಮೆಗೆ ಹೋಗುವುದು ಹುಚ್ಚಿನಿಂದಲ್ಲ, ದಾರಿ ಕಾಣದೆ. ಕಾಯಿದೆಯ 13ನೆಯ ಕಲಮನ್ನು ಓದಿ ನೋಡಿ. ಬೆಳೆ ರಕ್ಷಣೆಯ ನಿಜವಾದ ಅಗತ್ಯಕ್ಕೆ ಕೇಪಿನ ಕೋವಿಯ ಲೈಸೆನ್ಸನ್ನು ಕೊಡತಕ್ಕದ್ದು ಎಂದೇ ಅಲ್ಲಿ ಬರೆದಿದೆ. ಅದು ಸಾಲದೆಂದು ಕಂಡರೆ ತೋಟಾ ಕೋವಿಗೂ ಕೊಡಬಹುದು. ನಿರಾಕರಿಸಿದರೆ ಕಾರಣವನ್ನು ಬರೆದಿಡಬೇಕು. ಸಾಮಾನ್ಯವಾಗಿ ಅರ್ಜಿದಾರ ಕೇಳಿದಾಗ ತಿಳಿಸಬೇಕು. ಮೇಲ್ಮನವಿಗೆ ಅವಕಾಶವೂ ಉಂಟು. ಪೊಲೀಸು ವರದಿ ಗೊತ್ತುಪಡಿಸಿದ ಅವಧಿಯಲ್ಲಿ ಬಾರದಿದ್ದರೆ ಅದಕ್ಕೆ ಕಾಯದೆ ತೀರ್ಮಾನಿಸಲು ಅಧಿಕಾರಿಗೆ ಅಧಿಕಾರವಿದೆ. ಕಾಗದದಲ್ಲಿ ಇಷ್ಟು ಚೆನ್ನಾಗಿರುವುದು ಕಚೇರಿಯಲ್ಲಿ ಹೇಗಿರುತ್ತದೆಂದು ಅರ್ಜಿ ಹಾಕಿದವರಿಗೆ ಗೊತ್ತು. ನಮ್ಮದೇ ಒಂದು ನವೀಕರಣದ ಕಡತ ಒಂದು ಕಚೇರಿಯ ಒಂದು ಮೇಜಿನಿಂದ ಪಕ್ಕದ ಮೇಜಿಗೆ ಹೋಗಲು ಒಂದು ಕೊಯ್ಲಿನಿಂದ ಮುಂದಿನ ಕೊಯ್ಲಿನವರೆಗೆ ತೆಗೆದುಕೊಂಡಿತು. ಮೇಜುಗಳ ನಡುವೆ ಆರು ಅಡಿ ಅಂತರವಿತ್ತು.

ಚುನಾವಣೆಯ ಕಥೆ ಇನ್ನೊಂದು. 2023ರ ವಿಧಾನಸಭೆ, 2024ರ ಲೋಕಸಭೆ, ಎರಡರಲ್ಲೂ ಬೆಳೆ ರಕ್ಷಣೆಯ ಕೋವಿಗಳನ್ನು ಠಾಣೆಗೆ ಹೊತ್ತು ಹಾಕಿ, ಫಲಿತಾಂಶ ಬಂದ ಮೇಲೆ ಹೋಗಿ ತರಬೇಕಾಯಿತು. ತರುವಾಗ ಹಿಡಿಯಲ್ಲಿ ಗೀರು, ನಳಿಗೆಯಲ್ಲಿ ತುಕ್ಕು. ಚುನಾವಣಾ ಆಯೋಗದ ಸೂಚನೆಯೇ ಬೇರೆ ಇದೆ. ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿ ಒಬ್ಬೊಬ್ಬ ಲೈಸೆನ್ಸುದಾರರ ಪ್ರಕರಣವನ್ನೂ ನೋಡಿ ಯಾರಿಂದ ಠೇವಣಿ ಇಡಿಸಬೇಕೆಂದು ನಿರ್ಧರಿಸಬೇಕು. ಮೂರು ಎಕರೆ ಅಡಿಕೆಯಿರುವ, ಜನ್ಮದಲ್ಲಿ ಒಂದು ಜಗಳವನ್ನೂ ಆಡದ ಅರವತ್ತೈದರ ಹಿರಿಯರನ್ನು ರೌಡಿಗಳ ಸಾಲಿನಲ್ಲಿ ನಿಲ್ಲಿಸುವ ಸಾರಾಸಗಟು ಆಜ್ಞೆಯನ್ನು ಸಂಘಗಳು ಒಟ್ಟಾಗಿ ಪ್ರಶ್ನಿಸಬೇಕು. ಚುನಾವಣೆ ಘೋಷಣೆಯಾದ ಮೇಲೆ ಓಡಾಡಿದರೆ ಆಗದು. ಮೊದಲೇ ಅರ್ಜಿಗಳನ್ನು ಸಿದ್ಧವಾಗಿಡಬೇಕು.

ಕೋವಿ ಇದ್ದಮಾತ್ರಕ್ಕೆ ತೋಟ ಉಳಿಯುತ್ತದೆಂಬ ಭ್ರಮೆಯೂ ಬೇಡ. ಲೈಸೆನ್ಸು ಕೋವಿಗೆ, ಬೇಟೆಗಲ್ಲ. ವನ್ಯಜೀವಿ ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಕಾಡುಹಂದಿ ಅದರ ಎರಡನೆಯ ಅನುಸೂಚಿಯಲ್ಲಿದೆ. ನಿಂತ ಬೆಳೆಗೆ ಅಪಾಯಕಾರಿಯಾದರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಲಿಖಿತ ಅನುಮತಿ ಕೊಡಬಹುದು. ಆನೆ, ಕಾಟಿ, ನವಿಲು ಮೊದಲನೆಯ ಅನುಸೂಚಿಯವು. ನಮ್ಮ ಎಳೆ ಅಡಿಕೆ ಚೀಪಿ ಉಗುಳುವ ಮಂಗವೂ ಈಗ ಅದೇ ಸಾಲಿಗೆ ಸೇರಿದೆ. ಇವುಗಳ ಮೇಲೆ ಈಡು ಹಾಕಿದರೆ ಬೆಳೆ ಹೋಯಿತೆಂಬ ಸಮಜಾಯಿಷಿ ನಡೆಯದು. ನೆರೆಯ ಕೇರಳ 2022ರಲ್ಲಿ ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೇ ಹಂದಿಯ ವಿಚಾರದಲ್ಲಿ ಅನುಮತಿ ಕೊಡುವ ಅಧಿಕಾರ ವಹಿಸಿತು. ಹೊಡೆಯುವುದು ಲೈಸೆನ್ಸಿರುವ ಕೋವಿಯಿಂದಲೇ. ಅಂಥದೊಂದು ವ್ಯವಸ್ಥೆಯನ್ನು ನಮ್ಮ ಸರ್ಕಾರವೂ ಮಾಡಬೇಕೆಂದು ಕೇಳುವುದರಲ್ಲಿ ತಪ್ಪೇನಿದೆ? ಹಾಗೆ ಕೇಳಲು ಹೋಗುವ ನಿಯೋಗದಲ್ಲಿರುವವರ ಅಟ್ಟದಲ್ಲಿ ಕಳ್ಳಕೋವಿ ಇರಬಾರದು ಎಂಬುದಷ್ಟೇ ನಮ್ಮ ಕೋರಿಕೆ.

ಕೋವಿ ಸಿಗದವರು ಹಿಡಿಯುತ್ತಿರುವ ಇನ್ನೆರಡು ದಾರಿಗಳ ಬಗ್ಗೆಯೂ ಎರಡು ಮಾತು. ಹಂದಿಗೆಂದು ಇಟ್ಟ ಸಿಡಿಮದ್ದಿನ ಹಣ್ಣನ್ನು ಕಚ್ಚಿ 2020ರ ಮೇ ತಿಂಗಳಲ್ಲಿ ಪಾಲಕ್ಕಾಡಿನ ಕಡೆ ಗಬ್ಬದ ಆನೆಯೊಂದು ಹೊಳೆಯಲ್ಲಿ ನಿಂತೇ ಪ್ರಾಣ ಬಿಟ್ಟದ್ದು ದೇಶವೆಲ್ಲ ನೋಡಿತು. ನಮ್ಮಲ್ಲಿ ಮೇಯಲು ಹೋದ ದನಗಳ ದವಡೆ ಹಾರಿದ್ದು ಪತ್ರಿಕೆಗೆ ಬರುವುದಿಲ್ಲ. ಇನ್ನು ಮಂಗ ಓಡಿಸಲು ಕಾರ್ಬೈಡು ಹಾಕಿ ಸದ್ದು ಮಾಡುವ ಪ್ಲಾಸ್ಟಿಕ್ ಕೊಳವೆಯ ಕೋವಿ. ಇದನ್ನು ಆಟಿಕೆಯೆಂದೇ ಎಲ್ಲರೂ ತಿಳಿದಿದ್ದರು. 2025ರ ದೀಪಾವಳಿಯಲ್ಲಿ ಭೋಪಾಲದಲ್ಲೂ ಮಧ್ಯಪ್ರದೇಶದ ಇತರ ಊರುಗಳಲ್ಲೂ ಇದರಿಂದ ಬಹಳ ಮಕ್ಕಳ ಕಣ್ಣಿಗೆ ಪೆಟ್ಟಾಗಿ, ಕೆಲವರು ದೃಷ್ಟಿಯನ್ನೇ ಕಳೆದುಕೊಂಡ ಮೇಲೆ ಅಲ್ಲಿ ನಿಷೇಧಿಸಿದರು. ಸಿಡಿಯಲಿಲ್ಲವೆಂದು ಕೊಳವೆಯೊಳಗೆ ಇಣುಕಿದಾಗಲೇ ಅದು ಸಿಡಿಯುತ್ತದೆ. ಮನೆಯಲ್ಲಿ ಅದು ಇದ್ದರೆ ಮಕ್ಕಳ ಕೈಗೆ ಸಿಗದಂತೆ ಇಡುವುದಲ್ಲ, ಮುರಿದು ಹಾಕುವುದೇ ವಾಸಿ.

ಸಂಘದಿಂದ ಆಗಬೇಕಾದ ಕೆಲಸಗಳ ಬಗ್ಗೆ ಆಡಳಿತ ಮಂಡಲಿಯಲ್ಲಿ ಪ್ರಸ್ತಾಪಿಸಿದ್ದೇವೆ. ರಿಪೇರಿಯ ಲೈಸೆನ್ಸಿರುವ ಬಂದೂಕು ವ್ಯಾಪಾರಿಯೊಬ್ಬರೊಡನೆ ಮಾತಾಡಿ, ಸದಸ್ಯರ ಕೋವಿಗಳನ್ನು ಮಳೆಗಾಲಕ್ಕೆ ಮೊದಲು ಒಟ್ಟಿಗೆ ರಿಪೇರಿ ಮಾಡಿಸುವ ಏರ್ಪಾಡು ಸಾಧ್ಯವೇ ಎಂದು ವಿಚಾರಿಸುವುದು ಒಂದು. ಹೊಸ ಅರ್ಜಿದಾರರಿಗೆ ಈಗ ಬೇಕಾಗುವ ಆಯುಧ ಸುರಕ್ಷತಾ ತರಬೇತಿಯನ್ನು ಜಿಲ್ಲಾ ಕೇಂದ್ರಕ್ಕೆ ಹತ್ತು ಸಲ ಅಲೆಯದೆ ತಾಲ್ಲೂಕಿನಲ್ಲೇ ನಡೆಸಿಕೊಡುವಂತೆ ಕೇಳುವುದು ಇನ್ನೊಂದು. ವಾರಸುದಾರರ ಅರ್ಜಿಗಳನ್ನು ಒಂದೊಂದಾಗಿ ಅಲ್ಲದೆ ಕಟ್ಟಾಗಿ ಡೆಪ್ಯುಟಿ ಕಮೀಷನರ ಕಚೇರಿಗೆ ಒಯ್ದು, ಸ್ವೀಕೃತಿ ಪಡೆದು ಬರುವುದಕ್ಕೆ ನಾವೇ ಸಿದ್ಧರಿದ್ದೇವೆ. ಅಟ್ಟದ ಕೋವಿಯನ್ನು ಠಾಣೆಗೆ ಒಪ್ಪಿಸಲು ಹೆದರುವವರು ಒಬ್ಬರೇ ಹೋಗಬೇಕಾಗಿಲ್ಲ. ಮೊದಲು ವಕೀಲರ ಸಲಹೆ ಪಡೆಯಲಿ. ಬೇಕಾದರೆ ಸಂಘದವರೊಬ್ಬರು ಜೊತೆಗೆ ಬರುತ್ತಾರೆ.

ಎಪ್ಪತ್ತು ವರ್ಷ ತುಂಬಿದ, ಇಲ್ಲವೇ ಕೋವಿ ಪಡೆದು ಇಪ್ಪತ್ತೈದು ವರ್ಷವಾದ ಸದಸ್ಯರು ಲೈಸೆನ್ಸಿನ ನಕಲು, ಅದರಲ್ಲಿ ಬರೆದ ಯುಐಎನ್ ಸಂಖ್ಯೆ, ಪಹಣಿ ಮತ್ತು ವಾರಸುದಾರರ ವಿವರಗಳೊಡನೆ ಸಂತೆಯ ದಿನ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಕಚೇರಿಗೆ ಬರಬಹುದು. ಕೋವಿಯನ್ನು ತರುವುದು ಬೇಡ, ಕಾಗದ ಸಾಕು.

— ಕಾರ್ಯದರ್ಶಿ